‘ಟೈಟು’ ಬೇರೆ, ‘ಟಿಪ್ಸಿ’ ಬೇರೆ

ಕುಡಿದವನನ್ನು ನಾವು ಕುಡುಕ ಅಂತೀವಿ. ದೊಡ್ಡ ಮನುಷ್ಯನಾದರೆ ‘ಪರಮಾತ್ಮ ಒಳಗಿಳಿದಿದ್ದಾನೆ’. ಬೀಡಿ ಅಂಗಡಿ ಕಟ್ಟೆಯ ಮೇಲೆ ‘ಫುಲ್ ಟೈಟು’. ಈ ಟೈಟು ನಮ್ಮದಲ್ಲ ಸ್ವಾಮಿ, ಇಂಗ್ಲಿಷಿನವರದು. 19ನೇ ಶತಮಾನದಲ್ಲೇ ಅವರ ಬಾಯಲ್ಲಿತ್ತು. ಅಲ್ಲಿ ಈಗ ಅದು ಅಜ್ಜನ ಕಾಲದ ಮಾತು, ನಮ್ಮಲ್ಲಿ ಇನ್ನೂ ಜೋರಾಗಿ ಓಡ್ತಾ ಇದೆ.

ಇಂಗ್ಲಿಷಿನಲ್ಲಿ ಇಂಥ ಮಾತುಗಳ ಸಂತೆಯೇ ಇದೆ. ಮಿಂಚಿನ ಗುಟ್ಟು ಬಿಡಿಸಿದ ಬೆಂಜಮಿನ್ ಫ್ರಾಂಕ್ಲಿನ್ 1737ರಲ್ಲಿ ತನ್ನ ಪತ್ರಿಕೆಯಲ್ಲಿ ಕುಡುಕರ ಪದಕೋಶವನ್ನೇ ಅಚ್ಚು ಹಾಕಿದ. 200ಕ್ಕೂ ಹೆಚ್ಚು ಮಾತು! ಆತ ಕೊಟ್ಟ ಕಾರಣ ಮಜವಾಗಿದೆ. ದುರಾಸೆಯವನು ತನ್ನನ್ನು ಜಾಣ ಅಂದುಕೊಳ್ತಾನೆ, ದುಂದುಗಾರ ತನ್ನನ್ನು ಧಾರಾಳಿ ಅಂತಾನೆ. ಕುಡಿತಕ್ಕೆ ಹಾಗೆ ಹೆಸರು ಸಾಲ ಕೊಡೋ ಸದ್ಗುಣ ಒಂದೂ ಇಲ್ಲ. ಅದಕ್ಕೇ ಸುತ್ತುಬಳಸಿ ಹೇಳಬೇಕು.

ಈ ಮಾತುಗಳಲ್ಲಿ ದರ್ಜೆ ಉಂಟು. ‘ಟಿಪ್ಸಿ’ ಅಂದರೆ ಸ್ವಲ್ಪ ಏರಿದೆ, ಮುಖದಲ್ಲಿ ನಗು, ಬಾಯಲ್ಲಿ ಧೈರ್ಯ. ‘ಪ್ಲಾಸ್ಟರ್ಡ್’ ಅಂದರೆ ಗಾರೆ ಮೆತ್ತಿದ ಗೋಡೆ. ‘ಲೆಗ್‌ಲೆಸ್’ ಅಂದರೆ ಕಾಲೇ ಇಲ್ಲ, ಹೊತ್ತುಕೊಂಡೇ ಹೋಗಬೇಕು. ‘ಪಿಸ್ಡ್’ ಅಂತ ಇನ್ನೊಂದಿದೆ. ಲಂಡನ್ನಿನಲ್ಲಿ ಅದು ಕುಡಿದವನು, ನ್ಯೂಯಾರ್ಕಿನಲ್ಲಿ ಸಿಟ್ಟಾದವನು. ಅಮೆರಿಕದಲ್ಲಿರೋ ಮಗ ಫೋನು ಮಾಡಿ ಬಾಸ್ ‘ಪಿಸ್ಡ್’ ಆಗಿದ್ದಾನೆ ಅಂದರೆ ಬಾಟ್ಲಿಯ ಯೋಚನೆ ಬೇಡ, ಕೆಲಸದ ಯೋಚನೆ ಮಾಡಿ.

ದೊಡ್ಡವರಿಗೆ ಅಲ್ಲೂ ಬೇರೆ ತಕ್ಕಡಿ. 1960ರ ದಶಕದಲ್ಲಿ ಬ್ರಿಟನ್ನಿನ ಮಂತ್ರಿಯಾಗಿದ್ದ ಜಾರ್ಜ್ ಬ್ರೌನ್ ಕುಡಿತಕ್ಕೆ ಹೆಸರಾದವರು. ಕುಡಿದಿದ್ದರು ಅಂತ ನೇರ ಬರೆದರೆ ಮಾನನಷ್ಟ ಮೊಕದ್ದಮೆ. ‘ಪ್ರೈವೇಟ್ ಐ’ ಎಂಬ ವಿಡಂಬನೆ ಪತ್ರಿಕೆ ‘ಟೈರ್ಡ್ ಅಂಡ್ ಎಮೋಷನಲ್’ ಎಂಬ ಮಾತನ್ನು ಚಲಾವಣೆಗೆ ತಂತು. ಅಂದರೆ, ಸಾಹೇಬರು ದಣಿದಿದ್ದಾರೆ, ಭಾವುಕರಾಗಿದ್ದಾರೆ! ಓದಿದವರಿಗೆಲ್ಲ ಅರ್ಥವಾಯಿತು, ಕೋರ್ಟಿಗೆ ಹಿಡಿಯೋಕೆ ಏನೂ ಸಿಗಲಿಲ್ಲ.

ಇದೆಲ್ಲ ನಗೋ ವಿಷಯವೇ, ಗಾಡಿಯ ಬೀಗದ ಕೈ ಕಿಸೆಯಲ್ಲಿರೋ ತನಕ. ಲೆಗ್‌ಲೆಸ್ ಆದವನ ಭಯ ನನಗಿಲ್ಲ. ಅವನು ಚರಂಡಿ ಪಕ್ಕ ಮಲಗಿರ್ತಾನೆ, ಬೆಳಿಗ್ಗೆ ಹೆಂಡತಿ ಬಂದು ಎಬ್ಬಿಸ್ತಾಳೆ. ಅವಳ ಪಾಡು ಬೇರೆ ಕಥೆ. ಭಯ ಇರೋದು ಟಿಪ್ಸಿ ಮಹಾಶಯನದು. ‘ಎರಡೇ ಪೆಗ್ಗು, ಟೈಟಾಗಿಲ್ಲ ಮಾರಾಯ’ ಅಂತ ಕಿಕ್ ಹೊಡೆಯೋನು ಅವನೇ.

ಕಾನೂನಿಗೆ ಟಿಪ್ಸಿ, ಟೈಟು ಯಾವುದೂ ಗೊತ್ತಿಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ ಗೊತ್ತಿರೋದು ಒಂದೇ ಲೆಕ್ಕ: 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್. ಅದು ಮೀರಿದರೆ ಅಪರಾಧ. 2019ರ ತಿದ್ದುಪಡಿಯಾದ ಮೇಲೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ. ಇಂಗ್ಲೆಂಡಿನಲ್ಲಿ ಮಿತಿ 80. ಅಲ್ಲಿ ಟಿಪ್ಸಿಯಾಗಿ ಪಾರಾದವನು ಇಲ್ಲಿ ಕಳ್ಳನ ಹಾಗೆ ಸಿಕ್ಕಿಬೀಳ್ತಾನೆ.

ಸಿಕ್ಕಿಬಿದ್ದರೆ ತಾನೇ! ಊದಿಸೋ ಯಂತ್ರ ಹಿಡಿದ ಪೊಲೀಸರು ನಡುರಾತ್ರಿ ಸರ್ಕಲ್ಲಿನಲ್ಲಿ ನಿಂತರೆ ಏನು ಬಂತು? ರಾತ್ರಿ ಒಂಬತ್ತಕ್ಕೆ ಅಂಗಡಿ ಬಾಗಿಲು ಹಾಕಿ ಜನ ಕೊನೇ ಬಸ್ಸಿಗೆ ರಸ್ತೆ ಅಂಚಿನಲ್ಲಿ ನಿಂತಿರ್ತಾರೆ. ಎದುರಿನ ಬಾರಿನಿಂದ ಸ್ಕೂಟರುಗಳು ಹೊರಡೋದೂ ಆಗಲೇ. ಯಂತ್ರ ಆ ಹೊತ್ತಿಗೆ ಅಲ್ಲಿರಲಿ.