ವಿಮಾನದ ಕೆಲಸ, ಕನ್ನಡದ ಬರಹ

ಸಿಂಧನೂರಿನಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ ಜವಳಗೇರಾ ಸಿಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆಗಳು, ಕೇಂದ್ರ ಸರ್ಕಾರದ ಬೀಜೋತ್ಪಾದನಾ ಕ್ಷೇತ್ರ ಈ ಊರಿನ ಗುರುತುಗಳು. ಇಂಥ ಊರುಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಮಕ್ಕಳ ಹಣೆಬರಹ ತೀರ್ಮಾನವಾಗಿಬಿಡುತ್ತದೆ. ಹೆಚ್ಚು ಅಂಕ ಬಂದರೆ ವಿಜ್ಞಾನ, ಇಲ್ಲವಾದರೆ ಕಲೆ. ವಿಜ್ಞಾನಕ್ಕೆ ಸೇರಿದ ಹುಡುಗಿ ಕಾದಂಬರಿ ಹಿಡಿದು ಕುಳಿತರೆ, ‘ಅದೆಲ್ಲ ಸಿಇಟಿ ಮುಗಿದ ಮೇಲೆ’ ಎಂಬ ಗದರಿಕೆ ಕಾದಿರುತ್ತದೆ. ಅಂಕ ಸುಲಭವಾಗಿ ಸಿಗುತ್ತದೆಂದು ಪಿಯುಸಿಯಲ್ಲಿ ಕನ್ನಡವನ್ನೇ ಕೈಬಿಡುವವರೂ ಇದ್ದಾರೆ.

ಹೆತ್ತವರ ಆತಂಕವನ್ನು ಹಗುರವಾಗಿ ಕಾಣಲಾಗದು. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಬಳಿಕ ವೃತ್ತಿಶಿಕ್ಷಣದ ಬಾಗಿಲು ಈ ಭಾಗದ ಮಕ್ಕಳಿಗೆ ಹಿಂದಿಗಿಂತ ಅಗಲವಾಗಿ ತೆರೆದಿದೆ. ಸಾಲ ಮಾಡಿ ಬಿತ್ತುವ ರೈತನ ಮಗಳು ಎಂಜಿನಿಯರ್ ಆಗಬೇಕೆಂಬ ಆಸೆ ನ್ಯಾಯವಾದದ್ದೇ. ಆದರೆ ಆ ಬಾಗಿಲು ದಾಟಲು ಭಾಷೆಯನ್ನು ಹೊಸ್ತಿಲಲ್ಲೇ ಬಿಟ್ಟುಹೋಗಬೇಕೆಂಬ ನಂಬಿಕೆ ಎಲ್ಲಿಂದ ಬಂತು?

ಈ ನಂಬಿಕೆಗೆ ಉತ್ತರವಾಗಿ ಒಬ್ಬ ಲೇಖಕಿಯ ಬದುಕು ನಮ್ಮೆದುರಿಗಿದೆ. 1959ರಲ್ಲಿ ಚಿತ್ರದುರ್ಗದಲ್ಲಿ ಹುಟ್ಟಿದ ನೇಮಿಚಂದ್ರ ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ವಿನ್ಯಾಸ ವಿಭಾಗದಲ್ಲಿ ದುಡಿದರು. ಹೆಣ್ಣುಮಕ್ಕಳು ವಿರಳವಾಗಿದ್ದ ಕ್ಷೇತ್ರವದು. ಅದೇ ಅವಧಿಯಲ್ಲಿ ಕಥೆ ಬರೆದರು, ಮಹಿಳಾ ವಿಜ್ಞಾನಿಗಳ ಬದುಕನ್ನು ಕನ್ನಡಕ್ಕೆ ಪರಿಚಯಿಸಿದರು, ದಕ್ಷಿಣ ಅಮೆರಿಕದ ಪ್ರವಾಸವನ್ನು ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಕೃತಿಯಾಗಿಸಿದರು. 2007ರಲ್ಲಿ ಬಂದ ‘ಯಾದ್ ವಶೇಮ್’ ಕಾದಂಬರಿಯಲ್ಲಿ ನಾಜಿ ಜರ್ಮನಿಯಿಂದ ತಂದೆಯೊಡನೆ ತಪ್ಪಿಸಿಕೊಂಡು ಬೆಂಗಳೂರು ಸೇರಿದ ಯಹೂದಿ ಹುಡುಗಿ, ಕಳೆದುಹೋದ ತನ್ನವರನ್ನು ದಶಕಗಳ ಬಳಿಕ ಅರಸುತ್ತಾಳೆ. ಯುರೋಪಿನ ನರಮೇಧದ ನೆನಪಿಗೆ ಕನ್ನಡದಲ್ಲೊಂದು ಮನೆ ದೊರೆತದ್ದು ಹೀಗೆ.

ಇಂಥವರನ್ನು ‘ಎಂಜಿನಿಯರ್ ಆಗಿದ್ದವರು ಲೇಖಕರಾದರು’ ಎಂದು ವರ್ಣಿಸುವುದು ನಮ್ಮ ರೂಢಿ. ಒಂದನ್ನು ಬಿಟ್ಟರೆ ಮಾತ್ರ ಇನ್ನೊಂದು ದಕ್ಕುತ್ತದೆ ಎಂಬ ಭಾವ ಈ ಮಾತಿನಲ್ಲಿ ಅಡಗಿದೆ. ನೇಮಿಚಂದ್ರ ನೌಕರಿ ಬಿಟ್ಟು ಲೇಖಕಿಯಾದವರಲ್ಲ. ಹಗಲಿಗೆ ಕಾರ್ಖಾನೆಯ ಕೆಲಸವಿತ್ತು, ಉಳಿದ ವೇಳೆಗೆ ಬರಹವಿತ್ತು. ಲೆಕ್ಕ ತಪ್ಪಿದರೆ ಜೀವಹಾನಿಯಾಗುವ ವೃತ್ತಿಯಲ್ಲಿ ಆಧಾರವಿಲ್ಲದ ಮಾತಿಗೆ ಬೆಲೆಯಿಲ್ಲ. ಇತಿಹಾಸವನ್ನು ಕಥೆಯಾಗಿಸುವವರಿಗೂ ಆ ಶಿಸ್ತು ಬೇಕು.

ಎಂಜಿನಿಯರುಗಳಿಗೂ ಅಕ್ಷರಕ್ಕೂ ಇರುವ ನಂಟಿಗೆ ನಮ್ಮ ಸೀಮೆಯಲ್ಲೇ ಹಳೆಯ ಸಾಕ್ಷಿಯಿದೆ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಗುರುತಿಸಿದವರು ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ‘ದೇವಾನಾಂಪ್ರಿಯ’ ಎಂಬ ಬಿರುದಿನ ಹಿಂದಿದ್ದ ದೊರೆ ಅಶೋಕನೇ ಎಂಬುದು ಆ ಬರಹದಿಂದ ಖಚಿತವಾಯಿತು. ಅದಿರು ಹುಡುಕಬೇಕಾದವನು ‘ಇದು ನನ್ನ ಕೆಲಸವಲ್ಲ’ ಎಂದು ಮುಂದೆ ಹೋಗಿದ್ದರೆ ಆ ಬಂಡೆ ಇನ್ನೆಷ್ಟು ಕಾಲ ಮೌನವಾಗಿರುತ್ತಿತ್ತೋ!

ಆಗಬೇಕಾದದ್ದು ದೊಡ್ಡ ಯೋಜನೆಯೇನೂ ಅಲ್ಲ. ವಿಜ್ಞಾನ ವಿಭಾಗದ ವೇಳಾಪಟ್ಟಿಯಲ್ಲಿ ವಾರಕ್ಕೊಂದು ತಾಸು ಪಠ್ಯೇತರ ಕನ್ನಡ ಓದಿಗೆ ಮೀಸಲಾಗಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳ ಪಕ್ಕದಲ್ಲೇ ಇಂಥ ಕೃತಿಗಳೂ ಇರಲಿ. ಹೆತ್ತವರು ಮಗಳ ಕೈಯಲ್ಲಿನ ಕಾದಂಬರಿಯನ್ನು ಕಸಿದುಕೊಳ್ಳದಿರಲಿ.

ಪೂರ್ವ ಪಾಕಿಸ್ತಾನದಿಂದ ನೆಲೆ ತಪ್ಪಿ ಬಂದ ಬಂಗಾಳಿ ಕುಟುಂಬಗಳ ಪುನರ್ವಸತಿ ಶಿಬಿರಗಳು ಸಿಂಧನೂರು ತಾಲ್ಲೂಕಿನಲ್ಲಿವೆ. ದೂರದ ಯಹೂದಿಯ ಅಳಲನ್ನು ವಿಮಾನ ಎಂಜಿನಿಯರ್ ಒಬ್ಬರು ಕನ್ನಡದಲ್ಲಿ ಬರೆದರು. ಈ ನೆರೆಹೊರೆಯವರ ಕಥೆಯನ್ನು ನಾಳೆ ಬರೆಯಬಲ್ಲವಳು ಇಂದು ಜವಳಗೇರಾದ ಯಾವುದೋ ಮನೆಯಲ್ಲಿ ಭೌತಶಾಸ್ತ್ರದ ಲೆಕ್ಕ ಬಿಡಿಸುತ್ತಿರಬಹುದು. ಅವಳ ಲೆಕ್ಕವೂ ನಿಲ್ಲದಿರಲಿ, ಕನ್ನಡವೂ ಕೈತಪ್ಪದಿರಲಿ.