ಅರ್ಜಿ ಬರೆಯಬೇಕಾದ್ದು ಮಗಳು, ಉಪ್ಪ ಅಲ್ಲ

ಅಮೆರಿಕದಲ್ಲಿರುವ ತಮ್ಮನ ಫೋನು ಬಂದರೆ ಕೆಲವು ಮನೆಗಳಲ್ಲಿ ಈಗ ಹೊಸ ಮಾತೊಂದು ಕೇಳುತ್ತದೆ. ‘ಇಲ್ಲಿ ಹನ್ನೆರಡನೇ ಕ್ಲಾಸು ಮುಗಿಯುವಾಗಲೇ ಮೆಡಿಕಲ್ ಸೀಟು ಕೊಡುವ ಕೋರ್ಸ್ ಉಂಟು. ಮಗಳನ್ನು ಅದಕ್ಕೇ ಹಾಕಬೇಕು.’ ಸುದ್ದಿ ದುಬೈ, ಜುಬೈಲ್‌ನಲ್ಲಿರುವ ಸಂಬಂಧಿಕರಿಗೂ ಮುಟ್ಟುತ್ತದೆ. ನಮ್ಮ ಮಕ್ಕಳಿಗೂ ಯಾಕಾಗಬಾರದು ಎಂಬ ಆಸೆ ಹುಟ್ಟುತ್ತದೆ. ಆಸೆ ತಪ್ಪಲ್ಲ. ಆದರೆ ಆ ಕೋರ್ಸ್ ಯಾರಿಗೆ, ಅದರ ಅರ್ಜಿಯಲ್ಲಿ ಏನು ನೋಡುತ್ತಾರೆ ಎಂದು ತಿಳಿಯದೆ ಓಡಿದರೆ ಹಣವೂ ಹೋಗುತ್ತದೆ, ಮಗುವಿನ ಮನಸ್ಸೂ ಮುರಿಯುತ್ತದೆ.

ನಮ್ಮಲ್ಲಿ ಪಿಯುಸಿ ಮುಗಿಸಿ ನೀಟ್‌ನಲ್ಲಿ ಒಳ್ಳೆಯ ರ‍್ಯಾಂಕ್ ತೆಗೆದರೆ ನೇರ ಎಂಬಿಬಿಎಸ್. ಅಮೆರಿಕದಲ್ಲಿ ಹಾಗಲ್ಲ. ಮೊದಲು 4 ವರ್ಷದ ಪದವಿ, ಜೊತೆಗೆ ಎಂಕ್ಯಾಟ್ ಪರೀಕ್ಷೆ, ಆಮೇಲೆ ಮತ್ತೆ ಅರ್ಜಿ ಹಾಕಿ 4 ವರ್ಷದ ಮೆಡಿಕಲ್. ಈ ಎರಡನ್ನೂ ಜೋಡಿಸಿ, ಹೈಸ್ಕೂಲಿನಲ್ಲಿರುವಾಗಲೇ ಆಯ್ಕೆ ಮಾಡುವುದನ್ನು ಬಿಎಸ್-ಎಂಡಿ ಎನ್ನುತ್ತಾರೆ. ಅಲ್ಲಿಯ ಎಂಡಿ ಎಂದರೆ ವೈದ್ಯನಾಗುವ ಮೊದಲ ಪದವಿ, ನಮ್ಮ ಎಂಬಿಬಿಎಸ್ ಇದ್ದ ಹಾಗೆ. ತಜ್ಞನಾಗಬೇಕಾದರೆ ಅದರ ಮೇಲೆ ಕನಿಷ್ಠ 3 ವರ್ಷದ ರೆಸಿಡೆನ್ಸಿ ಮಾಡಬೇಕು.

ಮೊದಲು ಕಹಿ ಸತ್ಯವನ್ನು ಹೇಳಿಬಿಡೋಣ. ಇಂಥ ಹಲವು ಕೋರ್ಸ್‌ಗಳಿಗೆ ಅಮೆರಿಕದ ಪೌರರು ಮತ್ತು ಗ್ರೀನ್ ಕಾರ್ಡ್ ಇರುವವರು ಮಾತ್ರ ಅರ್ಜಿ ಹಾಕಬಹುದು. ಊರಿನಿಂದಲೋ ಗಲ್ಫ್‌ನಿಂದಲೋ ಅರ್ಜಿ ಹಾಕುವವರಿಗೆ ತೆರೆದಿರುವ ಬಾಗಿಲು ಬಹಳ ಕಿರಿದು. ಯಾವುದಾದರೂ ಏಜೆಂಟ್ ‘ಸೀಟು ಗ್ಯಾರಂಟಿ’ ಎಂದರೆ, ಆ ಕಾಲೇಜಿನ ಸ್ವಂತ ನಿಯಮಾವಳಿಯಲ್ಲಿ ಹಾಗೆ ಎಲ್ಲಿ ಬರೆದಿದೆ ತೋರಿಸು ಎಂದು ಕೇಳಿ. ದೇರಳಕಟ್ಟೆಯ ಸುತ್ತಲೇ ಮೂರು ಮೆಡಿಕಲ್ ಕಾಲೇಜುಗಳಿರುವಾಗ ಸುಳ್ಳು ಭರವಸೆಗೆ ಲಕ್ಷಗಟ್ಟಲೆ ಸುರಿಯಬೇಕಾಗಿಲ್ಲ.

ಅರ್ಹತೆ ಇರುವ ಮಕ್ಕಳ ಮಾತು ಬೇರೆ. ಅವರಿಗೂ ಅಂಕ ಬೇಕೇ ಬೇಕು. ಆದರೆ ಅರ್ಜಿ ಹಾಕುವವರಲ್ಲಿ ಹೆಚ್ಚಿನವರ ಅಂಕ ಚೆನ್ನಾಗಿಯೇ ಇರುತ್ತದೆ. ಅಂಕ ಬಾಗಿಲವರೆಗೆ ಕರೆದುಕೊಂಡು ಹೋಗುತ್ತದೆ, ಅಷ್ಟೇ. ಒಳಗಿರುವವರು ಕೇಳುವುದು: ನೀನು ಯಾಕೆ ಡಾಕ್ಟರ್ ಆಗಬೇಕು? 17ನೇ ವಯಸ್ಸಿನಲ್ಲೇ ಅದನ್ನು ಹೇಗೆ ನಿಶ್ಚಯ ಮಾಡಿದೆ? ನಮ್ಮ ಕಾಲೇಜೇ ಯಾಕೆ?

ನಮ್ಮ ಮನೆಗಳು ಎಡವುವುದು ಇಲ್ಲೇ. ‘ಜನಸೇವೆ ಮಾಡಲು’ ಎಂದು ಬರೆದರೆ ಸಾಲದು, ಎಲ್ಲರೂ ಅದನ್ನೇ ಬರೆಯುತ್ತಾರೆ. ಅಜ್ಜಿಗೆ ಶುಗರ್ ಇದೆ ಎಂದುಕೊಳ್ಳಿ. ಅವರಿಗೆ ಬ್ಯಾರಿ ಬಿಟ್ಟರೆ ಬೇರೆ ಮಾತು ಬಾರದು. ಅಮೆರಿಕದ ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದ್ದನ್ನು ಮೊಮ್ಮಗಳು ಅವರಿಗೆ ಬ್ಯಾರಿಯಲ್ಲಿ ತಿಳಿಸಿದ್ದಾಳೆ. ಪಥ್ಯ ಮಾಡದ ಅಜ್ಜಿ ‘ಮಾಡುತ್ತಿದ್ದೇನೆ’ ಎಂದು ಹೇಳು ಅಂದಾಗ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದಾಳೆ. ಆ ಗಳಿಗೆಯಲ್ಲಿ ಅವಳು ಕಲಿತದ್ದನ್ನು ಯಾವ ಕೋಚಿಂಗ್ ಸೆಂಟರ್ ಕಲಿಸುತ್ತದೆ? ಆದರೆ ನಾವು ಅದನ್ನು ಮನೆಗೆಲಸ ಎಂದು ಮರೆತುಬಿಡುತ್ತೇವೆ, ಹತ್ತು ಸರ್ಟಿಫಿಕೇಟ್ ಹುಡುಕಿಕೊಂಡು ಹೋಗುತ್ತೇವೆ.

ಕಾಮನ್ ಆ್ಯಪ್ ಎಂಬ ಅರ್ಜಿಯಲ್ಲಿ ಚಟುವಟಿಕೆಗಳಿಗೆ ಇರುವುದು 10 ಜಾಗ. ಅಷ್ಟನ್ನೂ ತುಂಬಿಸಲೇಬೇಕೆಂದಿಲ್ಲ. ಒಂದೇ ಆಸ್ಪತ್ರೆಯಲ್ಲಿ ಎರಡು ವರ್ಷ ಶನಿವಾರ ತಪ್ಪದೆ ಸ್ವಯಂಸೇವೆ ಮಾಡಿದ ಮಗುವಿನ ಅರ್ಜಿಗೆ, ಹತ್ತು ಕಡೆ ಫೋಟೋ ತೆಗೆಸಿಕೊಂಡ ಮಗುವಿನ ಅರ್ಜಿಗಿಂತ ತೂಕ ಹೆಚ್ಚು. ಅದೇ ಅರ್ಜಿಯ ಮುಖ್ಯ ಪ್ರಬಂಧಕ್ಕೆ 650 ಪದಗಳ ಮಿತಿ. ಅದನ್ನು ಹಣ ಕೊಟ್ಟು ಬರೆಸಬೇಡಿ, ಉಪ್ಪನೂ ಬರೆಯಬೇಡಿ. ನಂತರ ಸಂದರ್ಶನಕ್ಕೆ ಕರೆದಾಗ ಅಲ್ಲಿ ಕೂರುವುದು ಮಗಳೊಬ್ಬಳೇ. ಬರೆದದ್ದು ಒಂದು, ಬಾಯಲ್ಲಿ ಬರುವುದು ಒಂದಾದರೆ ಐದು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಸುಳ್ಳಿನ ಮೇಲೆ ವೈದ್ಯವೃತ್ತಿಯ ಮೊದಲ ಮೆಟ್ಟಿಲು ಕಟ್ಟುವುದು ಬೇಡ.

ಎಲ್ಲ ಕಾಲೇಜಿಗೂ ಒಂದೇ ಉತ್ತರ ನಡೆಯದು. ಬ್ರೌನ್ ವಿಶ್ವವಿದ್ಯಾನಿಲಯದ್ದು 8 ವರ್ಷದ ಕೋರ್ಸ್. ಅಲ್ಲಿ ಪದವಿಗೆ ಇತಿಹಾಸವನ್ನೋ ಸಂಗೀತವನ್ನೋ ಆರಿಸಿಕೊಳ್ಳಬಹುದು. ಮಿಸೌರಿ ವಿಶ್ವವಿದ್ಯಾನಿಲಯದ ಕಾನ್ಸಾಸ್ ಸಿಟಿ ಶಾಖೆಯದ್ದು 6 ವರ್ಷದ್ದು. ಮೊದಲ ವರ್ಷದಿಂದಲೇ ವೈದ್ಯಕೀಯ ಪಾಠ ಶುರು. ಓದಿನ ಹರವು ಬೇಕೆನ್ನುವ ಮಗುವಿಗೂ ಬೇಗ ರೋಗಿಗಳ ಬಳಿ ಹೋಗಬೇಕೆನ್ನುವ ಮಗುವಿಗೂ ಸರಿಹೊಂದುವ ಜಾಗ ಬೇರೆ ಬೇರೆ.

ಸಮಯದ ಲೆಕ್ಕವೂ ಮುಖ್ಯ. ಶಿಫಾರಸು ಪತ್ರಕ್ಕೆ 11ನೇ ಕ್ಲಾಸಿನ ಕೊನೆಯಲ್ಲೇ ಮೇಷ್ಟ್ರನ್ನು ಕೇಳಿಕೊಳ್ಳಬೇಕು. ಆಗಸ್ಟ್ 1ಕ್ಕೆ ಕಾಮನ್ ಆ್ಯಪ್ ತೆರೆಯುತ್ತದೆ. ಈ ಕೋರ್ಸ್‌ಗಳಲ್ಲಿ ಹಲವಕ್ಕೆ ನವೆಂಬರ್ ಆಸುಪಾಸಿನಲ್ಲೇ ಕೊನೆಯ ದಿನ. ಜೊತೆಗೆ ಮಾಮೂಲಿ ಪದವಿ ಕಾಲೇಜುಗಳಿಗೂ ಅರ್ಜಿ ಹಾಕಿಡಿ. ಅಮೆರಿಕದಲ್ಲಿ ಕಲಿತ ಹೆಚ್ಚಿನ ಡಾಕ್ಟರುಗಳು ಬಂದದ್ದು ಆ ಉದ್ದದ ದಾರಿಯಲ್ಲೇ. ಇಲ್ಲಿ ಸಿಗಲಿಲ್ಲವೆಂದರೆ ಕನಸು ಮುಗಿಯಿತೆಂದು ಅರ್ಥವಲ್ಲ. ಸಿಕ್ಕಿದರೂ ನಿಗದಿತ ಅಂಕ ಉಳಿಸಿಕೊಳ್ಳಬೇಕು; ಕೆಲವು ಕಡೆ ಎಂಕ್ಯಾಟ್ ಕೂಡಾ ಬರೆಯಬೇಕು.

ಹಣದ ಮಾತನ್ನು ಕೊನೆಗೆ ತಳ್ಳಬೇಡಿ. 2025ರ ಕಾಯ್ದೆಯ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ಮೆಡಿಕಲ್ ವಿದ್ಯಾರ್ಥಿಗೆ ಅಲ್ಲಿನ ಕೇಂದ್ರ ಸರಕಾರ ಕೊಡುವ ಸಾಲ ವರ್ಷಕ್ಕೆ 50 ಸಾವಿರ ಡಾಲರ್, ಒಟ್ಟು 2 ಲಕ್ಷ ಡಾಲರ್ ಮೀರುವಂತಿಲ್ಲ. ಅದೂ ಬಡ್ಡಿ ಸಾಲ. ಬಡ್ಡಿ ಬೇಡ ಎನ್ನುವ ಮನೆಯವರು ಅರ್ಜಿ ಹಾಕುವ ಮೊದಲೇ ಮಕ್ಕಳ ಜೊತೆ ಕೂತು ಮಾತಾಡಬೇಕು, ಸೀಟು ಸಿಕ್ಕಿದ ಮೇಲಲ್ಲ.

ಇವತ್ತು ರಾತ್ರಿ ಊಟವಾದ ಮೇಲೆ ಮಗಳನ್ನು ಕೇಳಿ: ನೀನು ಯಾಕೆ ಡಾಕ್ಟರ್ ಆಗಬೇಕು? ನಡುವೆ ಬಾಯಿ ಹಾಕಬೇಡಿ. ‘ಉಪ್ಪನಿಗೆ ಆಸೆ, ಅದಕ್ಕೆ’ ಎಂದಳಾದರೆ, ಅಂಕ ಎಷ್ಟೇ ಇರಲಿ, ಅರ್ಜಿ ಇನ್ನೂ ತಯಾರಾಗಿಲ್ಲ. ಅಜ್ಜಿಯ ಜೊತೆ ಆಸ್ಪತ್ರೆಯಲ್ಲಿ ನಿಂತ ದಿನದ ಮಾತು ಅವಳಾಗಿಯೇ ತೆಗೆದರೆ, ಪೆನ್ನು ಅವಳ ಕೈಗೆ ಕೊಟ್ಟು ನೀವು ಎದ್ದು ಹೋಗಿ.