ಹೂ ಬಿಟ್ಟ ಗಳಿಗೆ

ನಮ್ಮ ಸರಟೋಗಾದಲ್ಲಿ ಬರ ಕಳೆದು ಮಳೆಯಾದ ಸಂತೋಷಕ್ಕೆ 1900ರಲ್ಲಿ ಹೂವಿನ ಹಬ್ಬ ಶುರುವಾಯಿತು. ಆ ಕಾಲದ ತೋಟಗಳ ನೆನಪಿಗೆ ಇಂದಿಗೂ ಲೈಬ್ರರಿ ಪಕ್ಕದಲ್ಲಿ ಹೆರಿಟೇಜ್ ಆರ್ಚರ್ಡ್ ಇದೆ. ಏಪ್ರಿಕಾಟ್, ಪ್ರೂನ್, ಚೆರ್ರಿ ಮರಗಳು. ಹೂವಿನ ಆಯುಷ್ಯ ಒಂದೆರಡು ವಾರ.

ಊರಿನಿಂದ ಬಂದಿದ್ದ ಅಮ್ಮ ಅಲ್ಲಿ, "ಒಂದು ನಿಮಿಷ ಕಾರು ನಿಲ್ಲಿಸೋ" ಎಂದಿದ್ದರು. ನನಗೆ ಆಸ್ಪತ್ರೆಯ ಅವಸರ. "ಶನಿವಾರ ಬರೋಣಮ್ಮ" ಎಂದೆ. ಶುಕ್ರವಾರ ಮಳೆ ಸುರಿದು ಹೂವೆಲ್ಲ ನೆಲಕ್ಕೆ. "ಮುಂದಿನ ವರ್ಷ ನೋಡಿದರಾಯ್ತು ಬಿಡು" ಎಂದು ಅಮ್ಮ ನಕ್ಕರು. ಆ ಮುಂದಿನ ವರ್ಷ ಅವರಿಗೆ ಬರಲಿಲ್ಲ.

ದಿನವೂ ರೋಗಿಗಳ ನಾಡಿ ಹಿಡಿದು ನಿಮಿಷ ಎಣಿಸುವ ನನಗೆ ಆ ಒಂದು ನಿಮಿಷದ ಬೆಲೆ ತಿಳಿಯಲಿಲ್ಲ.

ಈ ಯುಗಾದಿಗೆ ನನ್ನ ಪ್ರಿಸ್ಕ್ರಿಪ್ಷನ್ ಇಷ್ಟೇ: ದಾರಿಯಲ್ಲಿ ಹೂ ಕಂಡರೆ ಕಾರು ನಿಲ್ಲಿಸಿ. ಫೋನು ಒಳಗಿರಲಿ, ಜೊತೆಗಿದ್ದವರನ್ನು ಇಳಿಸಿಕೊಳ್ಳಿ.